ಸೇನಬೋವನಿಂದ ಶಾನಭಾಗನವರೆಗೆ: ಒಂದು ಮನೆತನದ ಹೆಸರು ನಡೆದ ದಾರಿ



ಈ ದೇಶಕ್ಕೆ ಬಂದಿಳಿದ ಕನ್ನಡಿಗರನ್ನು ಸಿಯಾಟಲ್ಲಿನ ಮಳೆಗಿಂತ ಮೊದಲೇ ಕಾಡುವ ಪ್ರಶ್ನೆಯೊಂದಿದೆ: "ನಿಮ್ಮ ಲಾಸ್ಟ್ ನೇಮ್ ಏನು?" ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರು ತಡವರಿಸದೆ ಕುಲಕರ್ಣಿ, ಪಾಟೀಲ, ದೇಸಾಯಿ ಎಂದು ಹೇಳಿ ಮುಂದೆ ಸಾಗುತ್ತಾರೆ. ಮೈಸೂರು, ಮಂಡ್ಯ, ತುಮಕೂರು ಕಡೆಯವರು ಮಾತ್ರ ಒಂದು ಗಳಿಗೆ ನಿಂತು ಯೋಚಿಸಬೇಕು. ಊರಿನ ಹೆಸರೊಂದು ಅಕ್ಷರ, ತಂದೆಯ ಹೆಸರೊಂದು ಅಕ್ಷರ, ಆಮೇಲೆ ತಮ್ಮದೊಂದು ಹೆಸರು. ಇದರಲ್ಲಿ 'ಕೊನೆಯದು' ಯಾವುದು? ಕೊನೆಗೆ ಯಾರೋ ತಂದೆಯ ಹೆಸರನ್ನು ಬರೆಯುತ್ತಾರೆ, ಯಾರೋ ತಮ್ಮ ಹೆಸರನ್ನೇ ಎರಡು ತುಂಡು ಮಾಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದ ಕೆಲವರಿಗಂತೂ ವೀಸಾದಲ್ಲಿ 'ಎಫ್‌ಎನ್‌ಯು', ಅಂದರೆ 'ಮೊದಲ ಹೆಸರು ಗೊತ್ತಿಲ್ಲ' ಎಂಬ ಬಿರುದೇ ಸಿಕ್ಕಿಬಿಡುತ್ತದೆ!

ಹೀಗೇಕೆ? ಒಂದೇ ಭಾಷೆಯಾಡುವ ನಾವು ಹೆಸರಿಡುವುದರಲ್ಲಿ ಇಷ್ಟು ಬೇರೆ ಬೇರೆಯಾದದ್ದು ಹೇಗೆ? ಎಲ್ಲ ಹೆಸರುಗಳ ಚರಿತ್ರೆ ಹೇಳಲು ಈ ಪತ್ರಿಕೆಯ ನಾಲ್ಕು ಪುಟ ಸಾಲದು. ಆದ್ದರಿಂದ ಒಂದೇ ಒಂದು ಹೆಸರನ್ನು ಹಿಡಿದು ಅದರ ಹಿಂದೆ ನಡೆದು ನೋಡೋಣ. ಆ ಹೆಸರು ಶಾನಭಾಗ, ಅಥವಾ ಶಾನುಭೋಗ. ಗೌಡ, ಪಾಟೀಲರಂತೆ ಎಲ್ಲೆಲ್ಲೂ ಕೇಳಿಬರುವ ಹೆಸರು ಇದಲ್ಲ. ಆದರೆ ಕನ್ನಡನಾಡಿನ ಯಾವ ಹಳ್ಳಿಗೆ ಹೋದರೂ ಇದರ ನೆನಪು ಉಂಟು.

ಶಾಸನದ ಕೊನೆಯ ಸಾಲಿನಲ್ಲಿ

ನಮ್ಮ ಹಳೆಯ ಶಿಲಾಶಾಸನಗಳನ್ನು ಓದುವಾಗ ಎಲ್ಲರ ಗಮನ ಹೋಗುವುದು ರಾಜನ ಬಿರುದುಗಳ ಕಡೆಗೆ, ಕೊಟ್ಟ ದಾನದ ಕಡೆಗೆ. ಕೊನೆಯ ಸಾಲುಗಳನ್ನೂ ಓದಬೇಕು. ಚಾಲುಕ್ಯ, ಹೊಯ್ಸಳರ ಕಾಲದ ಅನೇಕ ಶಾಸನಗಳ ಕೊನೆಯಲ್ಲಿ ಅದನ್ನು ಬರೆದವನ ಹೆಸರು ಬರುತ್ತದೆ, ಹೆಸರಿನೊಡನೆ 'ಸೇನಬೋವ' ಎಂಬ ಪದವೂ ಬರುತ್ತದೆ. ಸೇನಬೋವನೆಂದರೆ ಊರಿನ ಬರಹಗಾರ, ಲೆಕ್ಕಿಗ. ಭೂಮಿಯ ಗಡಿ ಯಾವುದು, ಎಷ್ಟು ಗದ್ದೆ, ಎಷ್ಟು ಬೆದ್ದಲು, ಯಾರಿಗೆ ಎಷ್ಟು ಪಾಲು ಎಂಬುದನ್ನೆಲ್ಲ ತಿಳಿದವನು ಅವನೇ ಆದ್ದರಿಂದ ದಾನಶಾಸನದ ಪಾಠವನ್ನು ಬರೆಯುವ ಕೆಲಸವೂ ಅವನಿಗೇ ಬರುತ್ತಿತ್ತು. ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು 1886ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತರಲು ಆರಂಭಿಸಿದ ಮೇಲೆ ಇಂಥ ಸಾವಿರಾರು ಶಾಸನಗಳು ಎಲ್ಲರ ಓದಿಗೆ ದೊರೆತವು. ಅವುಗಳಲ್ಲಿ ರಾಜರು ಎಷ್ಟಿದ್ದಾರೋ, ಸೇನಬೋವರೂ ಹೆಚ್ಚು ಕಡಿಮೆ ಅಷ್ಟೇ ಇದ್ದಾರೆ ಎನ್ನಿಸುತ್ತದೆ.

ಈ ಸೇನಬೋವನೇ ನಾಲಗೆಯಿಂದ ನಾಲಗೆಗೆ ಸವೆಯುತ್ತ ಶಾನಭೋವ, ಶಾನಭೋಗ, ಶಾನುಭೋಗ ಆದನು. 'ಬೋವ' ಎಂಬುದು 'ಭೋಗ' ಆದಾಗ ಅದಕ್ಕೊಂದು ಸಂಸ್ಕೃತದ ಮೆರುಗೂ ಬಂತು. ಈ ಹುದ್ದೆಗೆ ಇನಾಮು ಜಮೀನು ಇರುತ್ತಿದ್ದುದರಿಂದ 'ಭೋಗ' ಎಂದರೆ ಭೂಮಿಯನ್ನು ಅನುಭೋಗಿಸುವ ಹಕ್ಕು ಎಂಬ ಅರ್ಥವೂ ಜನರ ಮನಸ್ಸಿನಲ್ಲಿ ಸೇರಿಕೊಂಡಂತೆ ಕಾಣುತ್ತದೆ. ಟಿಪ್ಪುವಿನ ಪತನದ ನಂತರ, 1800-01ರಲ್ಲಿ, ಮೈಸೂರು ಮತ್ತು ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಗ್ರಂಥದಲ್ಲಿ ಹಳ್ಳಿಯ ಲೆಕ್ಕಿಗರನ್ನು ಶಾನಭೋಗರೆಂದೇ ಹೆಸರಿಸುತ್ತಾನೆ.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ನಮ್ಮ ವಾಷಿಂಗ್ಟನ್ ರಾಜ್ಯದ ದಕ್ಷಿಣದ ತುದಿಯಲ್ಲಿ ಕ್ಲಾರ್ಕ್ ಕೌಂಟಿ ಇದೆ. 1805ರಲ್ಲಿ ಪೆಸಿಫಿಕ್ ಸಾಗರದ ತೀರ ಮುಟ್ಟಿದ ಲೂಯಿಸ್ ಮತ್ತು ಕ್ಲಾರ್ಕ್ ಜೋಡಿಯ ವಿಲಿಯಂ ಕ್ಲಾರ್ಕ್‌ನ ನೆನಪಿನ ಹೆಸರು ಅದು. 'ಕ್ಲಾರ್ಕ್' ಎಂದರೇನು? ಓದು ಬರಹ ಬಲ್ಲವನು, ಗುಮಾಸ್ತ. ಫ್ರಾನ್ಸಿನಲ್ಲಿ ಅವನೇ ಲೆಕ್ಲೇರ್, ಜರ್ಮನಿಯಲ್ಲಿ ಶ್ರೈಬರ್. ಎಲ್ಲರೂ ನಮ್ಮ ಸೇನಬೋವನ ದೂರದ ನೆಂಟರೇ ಸರಿ!

ಊರಿನ ಲೆಕ್ಕ

ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗಾಗಿ ಒಂದೆರಡು ಮಾತು. ಹಳ್ಳಿಯ ಆಡಳಿತದಲ್ಲಿ ಗೌಡ ಅಥವಾ ಪಟೇಲ ಮುಖ್ಯಸ್ಥ, ಶಾನುಭೋಗ ಲೆಕ್ಕಿಗ, ತಳವಾರ ಕಾವಲುಗಾರ, ತೋಟಿ ಓಲೆಕಾರ, ನೀರುಗಂಟಿ ಕೆರೆಯ ನೀರು ಹಂಚುವವನು. ಇವರೆಲ್ಲ ಆಯಗಾರರು, ಅಂದರೆ ಬೆಳೆಯಲ್ಲಿ ಆಯ ಪಡೆಯುವವರು. ಎಲ್ಲವೂ ವಂಶಪಾರಂಪರ್ಯ. ಅಪ್ಪನ ನಂತರ ಮಗ.

ಶಾನುಭೋಗನ ಕೈಯಲ್ಲಿ ಇದ್ದದ್ದು ಕಡತ. ಇಂದು 'ಕಡತ' ಎಂದರೆ ಕಚೇರಿಯ ಫೈಲು. ಆದರೆ ಮೂಲದಲ್ಲಿ ಅದು ಬಟ್ಟೆ. ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಕಪ್ಪಗೆ ಗಟ್ಟಿ ಮಾಡಿದ ಉದ್ದನೆಯ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. ಆಮೇಲೆ ಕಾಗದ ಬಂತು, ಸರ್ವೆ ನಂಬರು ಬಂತು, ಪಹಣಿ, ಖಾತೆ, ಖಿರ್ದಿ, ಜಮಾಬಂದಿ ಎಂಬ ಮಾತುಗಳು ಬಂದವು. ಬರೆಯುವ ಮನೆ ಮಾತ್ರ ಅದೇ ಉಳಿಯಿತು.

ಈ ಬದುಕು ಒಳಗಿನಿಂದ ಹೇಗಿತ್ತೆಂದು ತಿಳಿಯಬೇಕಾದರೆ ಎಸ್. ಎಲ್. ಭೈರಪ್ಪನವರ 'ಗೃಹಭಂಗ' (1970) ಕಾದಂಬರಿಯನ್ನು ಓದಬೇಕು. ಅದರಲ್ಲಿ ಶಾನುಭೋಗಿಕೆ ಗಂಡ ಚೆನ್ನಿಗರಾಯನ ಹೆಸರಿನಲ್ಲಿದೆ. ಲೆಕ್ಕ ಕಲಿತು, ಪುಸ್ತಕಕ್ಕೆ ಗೆರೆ ಹಾಕಿ, ರಾತ್ರಿ ದೀಪದ ಬೆಳಕಿನಲ್ಲಿ ಬರೆದು ಸಂಸಾರ ಸಾಗಿಸುವವಳು ಹೆಂಡತಿ ನಂಜಮ್ಮ. ಮನೆತನದ ಹೆಸರು ಗಂಡಸಿನಿಂದ ಗಂಡಸಿಗೆ ಇಳಿದು ಬಂದರೂ ಆ ಹೆಸರನ್ನು ಉಳಿಸಿದ ದುಡಿಮೆ ಯಾರದು ಎಂಬ ಪ್ರಶ್ನೆಯನ್ನು ನಂಜಮ್ಮನಷ್ಟು ಚೆನ್ನಾಗಿ ಕೇಳಿದವರಿಲ್ಲ.

ಹುದ್ದೆ ಒಂದು ಕಡೆ, ಹೆಸರು ಇನ್ನೊಂದು ಕಡೆ

ಈಗ ಸ್ವಾರಸ್ಯದ ಭಾಗಕ್ಕೆ ಬರೋಣ. ಹಳೆಯ ಮೈಸೂರು ಸೀಮೆಯ ಹಳ್ಳಿ ಹಳ್ಳಿಯಲ್ಲೂ ಶಾನುಭೋಗರಿದ್ದರು. ಹಾಗಾದರೆ ಶಾನುಭೋಗ ಎಂಬ ಅಡ್ಡಹೆಸರಿನವರು ಮೈಸೂರು ಸೀಮೆಯಲ್ಲೇ ಹೆಚ್ಚಾಗಿ ಸಿಗಬೇಕಲ್ಲವೆ? ಸಿಗುವುದಿಲ್ಲ. ಸಿಗುವುದು ಘಟ್ಟದ ಕೆಳಗೆ: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಅಲ್ಲಿಂದ ತೆಂಕಕ್ಕೆ ಉಡುಪಿ, ಮಂಗಳೂರು. ಅದರಲ್ಲೂ ಹೆಚ್ಚಿನವರು ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಆಡುವ ಸಾರಸ್ವತ ಕುಟುಂಬಗಳವರು.

ಕಾರಣ ಇಷ್ಟೆ. ಹುದ್ದೆಯು ಅಡ್ಡಹೆಸರಾಗಿ ಗಟ್ಟಿಯಾಗಬೇಕಾದರೆ ಅದನ್ನು ತಲೆಮಾರಿನಿಂದ ತಲೆಮಾರಿಗೆ ಅದೇ ರೀತಿ ಬರೆಯಿಸುವ ಒಂದು ದಫ್ತರು ಬೇಕು. ಫ್ರಾನ್ಸಿನಲ್ಲಿ 1539ರ ರಾಜಾಜ್ಞೆಯಂತೆ ಪಾದ್ರಿಗಳು ಮಕ್ಕಳ ದೀಕ್ಷಾಸ್ನಾನದ ದಾಖಲೆ ಇಡತೊಡಗಿದರು. ಕ್ರಾಂತಿಯ ನಂತರ, 1794ರಲ್ಲಿ, ಜನನದ ದಾಖಲೆಯಲ್ಲಿರುವ ಹೆಸರನ್ನು ಬಿಟ್ಟು ಬೇರೆ ಹೆಸರಿಟ್ಟುಕೊಳ್ಳಕೂಡದೆಂದು ಕಾನೂನೇ ಬಂತು. ಹೀಗಾಗಿ ಅಲ್ಲಿ ನಾಲ್ಕಾರು ಮನೆಗಳಲ್ಲಿ ಮಾತ್ರ ಇರುವ ಅಪರೂಪದ ಹೆಸರನ್ನೂ ಶತಮಾನಗಳ ಹಿಂದಿನ ಒಂದು ಹಳ್ಳಿಯವರೆಗೆ ಹಿಂಬಾಲಿಸಿ ಹೋಗಬಹುದು.

ನಮ್ಮಲ್ಲಿ ಆ ಕೆಲಸ ಮಾಡಿದ್ದು ಶಾಲೆ ಮತ್ತು ಸರ್ಕಾರಿ ಕಚೇರಿಯ ರಿಜಿಸ್ಟರು. ಕನ್ನಡನಾಡು ಬ್ರಿಟಿಷರ ಕಾಲದಲ್ಲಿ ಹಂಚಿಹೋಗಿದ್ದಂತೆ ಹೆಸರಿನ ಪದ್ಧತಿಯೂ ಹಂಚಿಹೋಯಿತು. ಮುಂಬಯಿ ಪ್ರಾಂತದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಮನೆಗಳ ಕ್ರಮ. ಅಲ್ಲಿ ಕುಲಕರ್ಣಿ, ದೇಶಪಾಂಡೆ, ನಾಡಕರ್ಣಿ, ಪಾಟೀಲ, ತಳವಾರ ಎಲ್ಲವೂ ಅಡ್ಡಹೆಸರಾಗಿ ಉಳಿದವು. ಮೈಸೂರು ಸಂಸ್ಥಾನದಲ್ಲೂ ಮದರಾಸು ಪ್ರಾಂತದಲ್ಲೂ ಇನಿಷಿಯಲ್ ಪದ್ಧತಿ. ಅಲ್ಲಿ ಶಾನುಭೋಗ ಸುಬ್ಬಣ್ಣನ ಮಗ ಶಾಲೆ ಸೇರಿದಾಗ ಅವನ ಹೆಸರಿನ ಹಿಂದೆ 'ಎಸ್' ಎಂಬ ಒಂದು ಅಕ್ಷರ ಬಂದಿತು, ಅದು ಸುಬ್ಬಣ್ಣನ 'ಎಸ್', ಶಾನುಭೋಗನದಲ್ಲ! 'ಶಾನುಭೋಗರ ಮನೆ' ಎಂಬುದು ಊರವರ ಬಾಯಲ್ಲಿ ಉಳಿಯಿತೇ ಹೊರತು ರಿಜಿಸ್ಟರಿಗೆ ಏರಲಿಲ್ಲ.

ಕೆನರಾ ಜಿಲ್ಲೆಯ ಕಥೆ ಇನ್ನೂ ವಿಚಿತ್ರ. 1799ರಲ್ಲಿ ಬ್ರಿಟಿಷರ ಕೈಸೇರಿದ ಅದು ಮೊದಲು ಇಡಿಯಾಗಿ ಮದರಾಸು ಪ್ರಾಂತದಲ್ಲಿತ್ತು. 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣದ ಭಾಗ ಮದರಾಸಿನಲ್ಲೇ ಉಳಿಯಿತು. ಒಂದೇ ಮೂಲದ ಕುಟುಂಬಗಳು ಗಡಿಯ ಆಚೆ ಈಚೆ ಎರಡು ಬಗೆಯಲ್ಲಿ ಹೆಸರು ಬರೆಯತೊಡಗಿದವು. ಬಡಗಣ ಕಡೆಯ ಅಂಕೋಲಾ, ಕುಮಟಾಗಳಲ್ಲಿ ಕೊಂಕಣಿಯ ಉಚ್ಚಾರದಂತೆ 'ಶಾನಭಾಗ' ಎಂಬುದು ನೆಲೆಯಾಯಿತು. ಮತ್ತೆ ಕೆಲವರು 'ಶಾನಭೋಗ', 'ಶಾನುಭೋಗ' ಎಂದು ಕನ್ನಡದ ಉಚ್ಚಾರವನ್ನೇ ಹಿಡಿದರು. ಇನ್ನೂ ಕೆಲವರು ಅದನ್ನು ಪೂರ್ತಿಯಾಗಿ ಬಿಟ್ಟು 'ರಾವ್' ಎಂದುಬಿಟ್ಟರು.

ನಮ್ಮ ಊರಿನ ವಿಶ್ವವಿದ್ಯಾಲಯದಲ್ಲಿ ಬರೆದ ಪುಸ್ತಕ

ಕರಾವಳಿಯ ಈ ಕಥೆಯನ್ನು ವಿಸ್ತಾರವಾಗಿ ಬರೆದವರು ಬೆಂಗಳೂರಿನವರೂ ಅಲ್ಲ, ಮುಂಬಯಿಯವರೂ ಅಲ್ಲ ಎಂದರೆ ನಮ್ಮ ಸದಸ್ಯರಿಗೆ ಆಶ್ಚರ್ಯವಾದೀತು. ಇದೇ ಸಿಯಾಟಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಫ್ರಾಂಕ್ ಕಾನ್ಲನ್ ಅವರು 1977ರಲ್ಲಿ 'ಎ ಕಾಸ್ಟ್ ಇನ್ ಎ ಚೇಂಜಿಂಗ್ ವರ್ಲ್ಡ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಚಿತ್ರಾಪುರ ಸಾರಸ್ವತರ 1700ರಿಂದ 1935ರವರೆಗಿನ ಚರಿತ್ರೆ ಅದು. ಗೋವೆಯ ಕಡೆಯಿಂದ ಕೆನರಾಕ್ಕೆ ಬಂದ ಕುಟುಂಬಗಳು ಕೆಳದಿ ನಾಯಕರ ಆಳ್ವಿಕೆಯಲ್ಲಿ ಊರೂರಿನ ಲೆಕ್ಕ ಬರೆಯುವ ಶಾನುಭೋಗರಾಗಿ ನೆಲೆ ನಿಂತದ್ದು, ಆ ಬರಹದ ವಿದ್ಯೆಯೇ ಮುಂದೆ ಬ್ರಿಟಿಷರ ಕಚೇರಿಗಳಿಗೂ, ಅಲ್ಲಿಂದ ಮುಂಬಯಿಗೂ ದಾರಿಯಾದದ್ದು, ಎಲ್ಲವೂ ಅದರಲ್ಲಿದೆ. ಭೂಕಂದಾಯದ 'ಶಿಸ್ತಿ'ಗೆ ಹೆಸರಾದ ಶಿವಪ್ಪನಾಯಕನ ರಾಜ್ಯದಲ್ಲಿ ಲೆಕ್ಕಿಗರಿಗೆ ಕೆಲಸ ಕಡಿಮೆಯಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಮುಂಬಯಿಗೆ ಹೋದ ಮೇಲೆ ಹೊಸ ತೊಡಕು. ಎಲ್ಲರೂ ರಾವ್, ಎಲ್ಲರೂ ಶಾನಭೋಗ ಆದರೆ ಗುರುತು ಹಿಡಿಯುವುದು ಹೇಗೆ? ಆಗ ಬಹಳ ಮಂದಿ ತಮ್ಮ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡರು. ಮುಲ್ಕಿಯ ಹತ್ತಿರದ ಕಾರ್ನಾಡಿನಿಂದ ಗಿರೀಶ ಕಾರ್ನಾಡರ ಮನೆತನ, ಬೆನಗಲ್ಲಿನಿಂದ ಬೆನಗಲ್ ಮನೆತನ, ಕುಂದಾಪುರದ ಕಡೆಯ ಪಡುಕೋಣೆಯಿಂದ ಪಡುಕೋಣೆ ಮನೆತನ. ಹಿಂದಿ ಚಿತ್ರರಂಗದ ಗುರುದತ್ತರು 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದಾಗ ಅವರ ಹೆಸರಿನ ಕೊನೆಯಲ್ಲಿ ಇದ್ದದ್ದು ಪಡುಕೋಣೆಯೇ. ಇಂದು ಆ ಸಣ್ಣ ಊರುಗಳ ಹೆಸರು ಜಗತ್ತಿಗೆಲ್ಲ ಗೊತ್ತು, ಊರು ಎಲ್ಲಿದೆ ಎಂದು ಕೇಳಿದರೆ ಮಾತ್ರ ಬಹಳ ಮಂದಿಗೆ ತಿಳಿಯದು.

ಶಾನಭಾಗ ಎಂಬ ಹೆಸರನ್ನು ಬಿಡದೆ ಉಳಿಸಿಕೊಂಡವರೂ ಹೆಸರು ತಂದರು. ಮುಂಬಯಿಯಲ್ಲಿ 1948ರಲ್ಲಿ ಸ್ಟ್ರ್ಯಾಂಡ್ ಪುಸ್ತಕದ ಅಂಗಡಿಯನ್ನು ತೆರೆದ ಟಿ. ಎನ್. ಶಾನಭಾಗರು ಪುಸ್ತಕ ಮಾರಿ ಪದ್ಮಶ್ರೀ ಪಡೆದವರು, 2009ರಲ್ಲಿ ತೀರಿಕೊಂಡರು. ಅಂಕೋಲೆಯ ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಕನ್ನಡದಲ್ಲಿ ಬಂದು, ಶ್ರೀನಾಥ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ ಈ ದೇಶದ ಓದುಗರನ್ನೂ ಮುಟ್ಟಿತು. ಒಬ್ಬರು ಪುಸ್ತಕ ಮಾರಿದರು, ಒಬ್ಬರು ಪುಸ್ತಕ ಬರೆದರು. ಸೇನಬೋವನ ವಿದ್ಯೆ ಇನ್ನೂ ಮನೆ ಬಿಟ್ಟಿಲ್ಲ ಎನ್ನೋಣವೆ?

ಪುಸ್ತಕದ ಇನ್ನೊಂದು ಮಗ್ಗುಲು

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ನಮ್ಮ ಸಂಘದಲ್ಲಿ ಎಲ್ಲ ಬಗೆಯ ಮನೆಗಳವರೂ ಇದ್ದೇವೆ. ಶಾನುಭೋಗರ ಮನೆಯ ಮೊಮ್ಮಕ್ಕಳು ಇರುವಂತೆಯೇ, ಶಾನುಭೋಗರ ಜಗಲಿಯ ಕೆಳಗೆ ಕೈಕಟ್ಟಿ ನಿಂತವರ ಮೊಮ್ಮಕ್ಕಳೂ ಇದ್ದಾರೆ. ಓದು ಬರಹ ಕೆಲವೇ ಮನೆಗಳ ಸೊತ್ತಾಗಿದ್ದ ಕಾಲದಲ್ಲಿ ಬರೆಯುವವನ ಕೈಯಲ್ಲಿ ದೊಡ್ಡ ಅಧಿಕಾರವಿತ್ತು. ಪಹಣಿಯಲ್ಲಿ ಯಾರ ಹೆಸರು ಬಂತು, ಯಾರ ಹೆಸರು ಬರಲಿಲ್ಲ ಎಂಬುದರ ಮೇಲೆ ಒಂದು ಸಂಸಾರದ ಅನ್ನ ನಿಂತಿರುತ್ತಿತ್ತು. ಓದು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ, ಏನಕ್ಕೆ ಒತ್ತಿದೆನೆಂದು ಎಷ್ಟೋ ವರ್ಷದ ಮೇಲೆ ತಿಳಿಯುತ್ತಿತ್ತು. ಪ್ರಾಮಾಣಿಕರಾಗಿ ಬರೆದು ಬಡತನದಲ್ಲೇ ತೀರಿಹೋದ ಶಾನುಭೋಗರೂ ಉಂಟು, ಬರೆದೇ ಊರನ್ನು ಆಳಿದವರೂ ಉಂಟು.

ಆ ಪುಸ್ತಕಗಳಲ್ಲಿ ರೈತರ ಹೆಸರು ಹೇಗಿತ್ತು? 'ರಾಮಯ್ಯ ಬಿನ್ ತಿಮ್ಮಯ್ಯ.' ಬಿನ್ ಎಂದರೆ ಮಗ, ಅರಬ್ಬಿಯ ಮಾತು. ಹೆಂಗಸಾದರೆ 'ಕೋಂ', ಇಂಥವನ ಹೆಂಡತಿ ಎಂದು. ಅಡ್ಡಹೆಸರಿಗೆ ಅಲ್ಲಿ ಜಾಗವೇ ಇರಲಿಲ್ಲ. ಬರೆಯುವ ಮನೆಗೆ ಹೆಸರಿನ ಹಿಂದೆ ಹತ್ತು ತಲೆಮಾರಿನ ನೆನಪಿತ್ತು. ಬರೆಯಿಸಿಕೊಳ್ಳುವ ಮನೆಗೆ ಕಾಗದದ ಮೇಲೆ ಒಂದೇ ತಲೆಮಾರು, ಅಪ್ಪನವರೆಗೆ ಮಾತ್ರ. ಅಜ್ಜನ ಹೆಸರು ಬೇಕಾದರೆ ಇನ್ನೊಂದು ಹಳೆಯ ಪುಸ್ತಕ ಹುಡುಕಬೇಕು. ಇಂದು ನಮ್ಮಲ್ಲಿ ಅನೇಕರಿಗೆ ಲಾಸ್ಟ್ ನೇಮ್ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಸ್ವಾತಂತ್ರ್ಯದ ನಂತರ ಈ ವಂಶಪಾರಂಪರ್ಯ ಕೊನೆಯಾಯಿತು. ಮುಂಬಯಿ ಪ್ರಾಂತದಲ್ಲಿ ಕುಲಕರ್ಣಿ ವತನಗಳನ್ನು 1950ರ ಕಾಯ್ದೆ ತೆಗೆದುಹಾಕಿತು. ನಮ್ಮ ರಾಜ್ಯದಲ್ಲಿ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ಪಟೇಲಿಕೆ, ಶಾನುಭೋಗಿಕೆ ಎಲ್ಲವೂ ಹೋದವು. ಅವರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಯಾವ ಜಾತಿಯವರಾದರೂ ಓದಿ ಆ ಕೆಲಸಕ್ಕೆ ಸೇರಬಹುದಾಯಿತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ತಾವು ಉಳುತ್ತಿದ್ದ ಭೂಮಿಗೆ ಅರ್ಜಿ ಹಾಕಿದಾಗ, ಹಳೆಯ ಪಹಣಿಯ ಆ ಒಂದು ಸಾಲಿಗೆ ಎಷ್ಟು ಬೆಲೆ ಎಂಬುದು ಎಲ್ಲರಿಗೂ ಅರಿವಾಯಿತು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಸಾವಿರ ವರ್ಷದ ಕೈಬರಹ ಅಲ್ಲಿಗೆ ಮುಗಿಯಿತು. ಹುದ್ದೆ ಹೋಗಿ ಅರವತ್ತು ವರ್ಷ ದಾಟಿತು, ಹೆಸರು ಮಾತ್ರ ಉಳಿದಿದೆ.

ಈ ದೇಶದ ದಫ್ತರಿನಲ್ಲಿ

ಈಗ ಅಮೆರಿಕದ ಕಚೇರಿಗಳು ನಮ್ಮ ಶಾನುಭೋಗನನ್ನು ಏನು ಮಾಡಿವೆ ನೋಡೋಣ. ಇಂಗ್ಲಿಷಿನಲ್ಲಿ ಈ ಹೆಸರನ್ನು ಬರೆಯುವ ಬಗೆಗಳು ಅರ್ಧ ಡಜನ್ನಾದರೂ ಇವೆ. ಕೊನೆಯಲ್ಲಿ 'ಭಾಗ್' ಎಂದು ಬರೆಯುವವರು, 'ಭೋಗ್' ಎಂದು ಬರೆಯುವವರು, ಅದಕ್ಕೆ ಫ್ರೆಂಚರಂತೆ ಬಾಲಕ್ಕೆ 'ಯು, ಇ' ಸೇರಿಸುವವರು, 'ಎಚ್' ಬಿಟ್ಟು 'ಬಾಗ್' ಮಾಡುವವರು, ನಡುವೆ 'ಯು' ಉಳಿಸಿಕೊಂಡವರು. ಅಣ್ಣನ ಮಕ್ಕಳು ಒಂದು ಬಗೆ, ತಮ್ಮನ ಮಕ್ಕಳು ಇನ್ನೊಂದು ಬಗೆ.

ವಾಷಿಂಗ್ಟನ್ ರಾಜ್ಯದ ಡ್ರೈವರ್ಸ್ ಲೈಸೆನ್ಸ್ ಸಂಖ್ಯೆ 2018ರವರೆಗೆ ಲಾಸ್ಟ್ ನೇಮಿನ ಮೊದಲ ಐದು ಅಕ್ಷರಗಳಿಂದ ಆರಂಭವಾಗುತ್ತಿದ್ದುದು ಹಳಬರಿಗೆ ನೆನಪಿರಬಹುದು. ಆ ಐದರಲ್ಲಿ ಶಾನಭಾಗ, ಶಾನಭೋಗ, ಶಾನಬಾಗ ಮೂವರೂ ಒಂದೇ: ಎಸ್, ಎಚ್, ಎ, ಎನ್, ಬಿ. 'ಯು' ಉಳಿಸಿಕೊಂಡ ಶಾನುಭೋಗರು ಮಾತ್ರ ಪಂಕ್ತಿಯಿಂದ ಹೊರಗೆ! ರಾವ್ ಎಂದು ಬದಲಿಸಿಕೊಂಡವರಿಗೆ ಮೂರೇ ಅಕ್ಷರ, ಉಳಿದ ಎರಡು ಜಾಗಕ್ಕೆ ಎರಡು ನಕ್ಷತ್ರ.

ಇದಕ್ಕಿಂತ ಜಾಣತನದ್ದು ಸೌಂಡೆಕ್ಸ್ ಎಂಬ ಪದ್ಧತಿ. ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟು ಪಡೆದ ಈ ಉಪಾಯವನ್ನು ಹಳೆಯ ಜನಗಣತಿಗಳ ಸೂಚಿ ಮಾಡಲು ಇಲ್ಲಿಯ ಸರ್ಕಾರ ಬಳಸಿತು. ಮೊದಲ ಅಕ್ಷರ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಒಂದೇ ಜಾತಿಯ ವ್ಯಂಜನಗಳಿಗೆ ಒಂದೇ ಅಂಕೆ ಕೊಡುವುದು ಇದರ ಕ್ರಮ. ಹಾಗೆ ಲೆಕ್ಕ ಹಾಕಿದರೆ ಮೇಲಿನ ಎಲ್ಲ ಬಗೆಗಳೂ, ನಡುವೆ 'ಯು' ಇರುವವರೂ ಸೇರಿ, ಎಸ್-512 ಎಂಬ ಒಂದೇ ಮನೆಗೆ ಬಂದು ಸೇರುತ್ತವೆ. ಶಾಸನದ ಸೇನಬೋವನಿಗೆ ಬರುವುದು ಎಸ್-511. ಸಾವಿರ ವರ್ಷ, ಏಳು ಸಮುದ್ರ ದಾಟಿದ ಮೇಲೂ ಅಂತರ ಒಂದೇ ಒಂದು ಅಂಕೆ!

ಆದರೆ ಹೆಸರನ್ನು ಬಿಟ್ಟೇಬಿಟ್ಟವರನ್ನು ಯಾವ ಸೌಂಡೆಕ್ಸೂ ಹುಡುಕಿಕೊಡಲಾರದು. 2010ರ ಜನಗಣತಿಯ ನಂತರ ಅಮೆರಿಕ ಸರ್ಕಾರ ಪ್ರಕಟಿಸಿದ ಪಟ್ಟಿಯಲ್ಲಿ 1 ಲಕ್ಷ 62 ಸಾವಿರಕ್ಕೂ ಹೆಚ್ಚು ಅಡ್ಡಹೆಸರುಗಳಿವೆ. ಆ ಪಟ್ಟಿಗೆ ಸೇರಬೇಕಾದರೆ ಹೆಸರಿನವರು ಕಡೇಪಕ್ಷ 100 ಮಂದಿಯಾದರೂ ಇರಬೇಕು. ತಂದೆಯ ಹೆಸರನ್ನೇ ಲಾಸ್ಟ್ ನೇಮ್ ಮಾಡಿಕೊಂಡ ನಮ್ಮ ಮನೆಗಳ ಹೆಸರು ಒಂದು ತಲೆಮಾರಿಗೆ ಹುಟ್ಟಿ, ಮುಂದಿನ ತಲೆಮಾರಿಗೆ ಇಲ್ಲಿ ಗಟ್ಟಿಯಾಗಿಬಿಡುತ್ತದೆ. ಊರಲ್ಲಿ ಒಬ್ಬ ನಂಜುಂಡಯ್ಯ ಇದ್ದದ್ದು, ಇಲ್ಲಿ ಒಂದು 'ನಂಜುಂಡಯ್ಯ' ವಂಶವೇ ಆಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಕಾರ್ನಾಡು, ಪಡುಕೋಣೆಗಳೂ ಹಾಗೆಯೇ ಹೊಸದಾಗಿ ಹುಟ್ಟಿದವು. ಪಹಣಿಯಲ್ಲಿ ಒಂದೇ ತಲೆಮಾರು ಉಳಿಸಿಕೊಳ್ಳಲು ಸಾಧ್ಯವಾದ ಮನೆಗೆ ಈ ದೇಶದಲ್ಲಿ ಮೊದಲ ಬಾರಿಗೆ ನಿಲ್ಲುವ ಒಂದು ಹೆಸರು ಸಿಕ್ಕಿತೆಂದರೆ ಅದು ಸಂತೋಷದ ಮಾತೇ. ಆದರೆ ಆ ನಂಜುಂಡಯ್ಯ ಯಾರು, ಯಾವ ಊರಿನವರು, ಏನು ಕೆಲಸ ಮಾಡಿಕೊಂಡಿದ್ದರು ಎಂಬುದನ್ನು ಈಗ ಬರೆದಿಡದಿದ್ದರೆ, ಐವತ್ತು ವರ್ಷದ ನಂತರ ಬೆಲ್ವ್ಯೂ, ರೆಡ್ಮಂಡ್, ಬಾಥೆಲ್‌ಗಳಲ್ಲಿ ಇರುವ ಮರಿಮಕ್ಕಳಿಗೆ ಅದು ಉಚ್ಚರಿಸಲು ಕಷ್ಟವಾದ ಒಂದು ಶಬ್ದವಷ್ಟೇ ಆಗಿ ಉಳಿದೀತು.

ಸದಸ್ಯರಲ್ಲಿ ಒಂದು ವಿನಂತಿ

ಬೇಸಿಗೆಯಲ್ಲಿ ಊರಿನಿಂದ ಹಿರಿಯರು ಬಂದು ಇರುವ ಮನೆಗಳು ನಮ್ಮಲ್ಲಿ ಬಹಳ. ಮಕ್ಕಳನ್ನು ಅಜ್ಜ ಅಜ್ಜಿಯರ ಹತ್ತಿರ ಕೂರಿಸಿ ನಾಲ್ಕು ಪ್ರಶ್ನೆ ಕೇಳಿಸಿ. ನಮ್ಮ ಮನೆಗೆ ಊರಿನವರು ಏನೆಂದು ಕರೆಯುತ್ತಿದ್ದರು? ನಮ್ಮ ಹಿರಿಯರು ಮೊದಲು ಇದ್ದ ಊರು ಯಾವುದು? ನಮ್ಮ ಹೆಸರನ್ನು ಶಾಲೆಯಲ್ಲಿ ಹೀಗೆ ಬರೆಸಿದವರು ಯಾರು? ಅಜ್ಜಿಯ ತವರುಮನೆಯ ಹೆಸರೇನು? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ, ಯಾವ ದಫ್ತರೂ ಅದನ್ನು ಬರೆದಿಟ್ಟಿಲ್ಲ.

ಉತ್ತರಗಳನ್ನು ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಮನೆಯ ಮುಖ್ಯ ಕಾಗದಪತ್ರಗಳ ಜೊತೆ ಇಡಿ. ಹಂಚಿಕೊಳ್ಳಲು ಮನಸ್ಸಿದ್ದವರು ಒಂದು ಪ್ರತಿಯನ್ನು ನಮಗೂ ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಅಚ್ಚು ಹಾಕೋಣ. ಒಂದು ಕಾಲದಲ್ಲಿ ಊರಿಗೊಬ್ಬನೇ ಬರೆಯುವವನಿದ್ದ. ಈಗ ಪ್ರತಿ ಮನೆಯಲ್ಲೂ ಬರೆಯಬಲ್ಲವರಿದ್ದೇವೆ, ನಮ್ಮ ನಮ್ಮ ಮನೆಯ ಲೆಕ್ಕವನ್ನು ನಾವೇ ಬರೆಯೋಣ.